ಮಹಾಲಿಂಗನ ಹೊಟ್ಟೆಯ ಸಿಬ್ಬಂದಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮಹಾಲಿಂಗನ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಮೂವತ್ತೊಂದು ವರ್ಷ ಹೈಸ್ಕೂಲಿನ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವನು ನಾನು. ಜೀರ್ಣಾಂಗಗಳ ಚಿತ್ರವನ್ನು ಕಣ್ಣು ಮುಚ್ಚಿ ಕರಿಹಲಗೆಯ ಮೇಲೆ ಬಿಡಿಸಬಲ್ಲೆ. ಅಂಥ ನನ್ನನ್ನು ಬಿಟ್ಟು, ಐದನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂತು ನನ್ನ ಸ್ಲೇಟು ನೋಡಿ ಬರೆಯುತ್ತಿದ್ದ ಮಹಾಲಿಂಗನ ಕರುಳು ವಿಜ್ಞಾನಕ್ಕೆ ಬೇಕಾಯಿತು ಎಂದರೆ ಯಾರಿಗೆ ತಾನೆ ಉರಿಯುವುದಿಲ್ಲ? ಉರಿಯುವುದಿಲ್ಲ ಎನ್ನುವವರು ದೇವರಾಣೆಗೂ ಸುಳ್ಳು ಹೇಳುತ್ತಾರೆ.

ಗಡಿನಾಡಿನ ಪುತ್ತಿಗೆಯಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದು ಪಾಗಾರದ ಗೋಡೆ ಮಾತ್ರ. ಆಚೆ ಬದಿಯಲ್ಲಿ ಅವನು ಮತ್ತು ಅವನ ಹೆಂಡತಿ ಪಂಕಜಾಕ್ಷಿ, ಈಚೆ ಬದಿಯಲ್ಲಿ ನಾನು ಮತ್ತು ನನ್ನ ಹೆಂಡತಿ ಪರಮೇಶ್ವರಿ. ಮಹಾಲಿಂಗ ವಿದ್ಯಾನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿ ನನ್ನದೊಂದು ಅರ್ಜಿ ಇನ್ನೂ ಬಾಕಿ ಇದೆ. ಮೂವತ್ತಮೂರು ವರ್ಷ ಅವನು ಮಾಡಿದ ಕೆಲಸ ಒಂದೇ. ಟಪಾಲು ಬಂದರೆ ಇನ್‌ವರ್ಡ್ ನಂಬರು ಹಾಕಿಸುವುದು, ಕಡತವನ್ನು ಎಲ್‌ಡಿ ಕ್ಲಾರ್ಕಿನ ಮೇಜಿನಿಂದ ಅವನ ಮೇಲಿನ ಯುಡಿ ಕ್ಲಾರ್ಕಿನ ಮೇಜಿಗೆ, ಅಲ್ಲಿಂದ ಹೆಡ್ ಕ್ಲಾರ್ಕಿಗೆ, ಅಲ್ಲಿಂದ ಎಲ್ಲರ ಮೇಲಧಿಕಾರಿ ಸೂಪ್ರೆಂಡರ ಮೇಜಿಗೆ ಕೊಂಡೊಯ್ಯುವುದು. ಕಡತದೊಳಗೆ ಏನಿದೆ ಎಂದು ಅವನು ಒಂದು ದಿನವೂ ನೋಡಿದವನಲ್ಲ. ಆದರೆ ನಂಬರು ಬೀಳದ ವಸ್ತು ಈ ಲೋಕದಲ್ಲಿ ಇದೆ ಎಂದು ಒಪ್ಪುವವನೂ ಅಲ್ಲ. ಮಗಳು ಹುಟ್ಟಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ‘ಸ್ವೀಕರಿಸಲಾಗಿದೆ’ ಎಂದು ಬರೆದು ತಾರೀಕು ಸಮೇತ ಸಹಿ ಹಾಕಿದ್ದ. ಆ ಮಗಳು ಈಗ ಗಂಡನ ಜೊತೆ ಮಸ್ಕತ್ತಿನಲ್ಲಿದ್ದಾಳೆ.

ನಿವೃತ್ತನಾದ ಮೇಲೆ ಪಾಪದವನಿಗೆ ಹೊತ್ತು ಹೋಗುತ್ತಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ ಚಾವಡಿಯಲ್ಲಿ ಕೂರುತ್ತಿದ್ದ. ಪೋಸ್ಟ್‌ಮ್ಯಾನ್ ಬಂದರೆ ಎದ್ದು ನಿಲ್ಲುತ್ತಿದ್ದ.

ಕಳೆದ ವರ್ಷ ಜೂನ್ ತಿಂಗಳಲ್ಲಿ ಮಂಗಳೂರಿನ ಒಂದು ಕಾಲೇಜಿನಿಂದ ಶ್ರೀರಂಜಿನಿ ಎಂಬ ಹುಡುಗಿ ಬಂದಳು. ಇಡೀ ಧಾನ್ಯ ತಿಂದರೆ ಕರುಳಿನಲ್ಲಿ ಏನಾಗುತ್ತದೆ ಎಂದು ಅವಳ ಸಂಶೋಧನೆ. ನಮ್ಮ ವಾರ್ಡಿನ ಮೂವತ್ತೆರಡು ಮನೆಗಳಿಂದ ಮನೆಗೊಬ್ಬರಂತೆ, ಐವತ್ತು ದಾಟಿದವರು ಬೇಕು ಎಂದಳು. ಮನೆಗೊಬ್ಬರು ಎಂದ ಕೂಡಲೇ ಮೂವತ್ತೆರಡು ಮನೆಯಿಂದಲೂ ಗಂಡಸರೇ ಹೊರಟು ಬಂದೆವು. ಮೂರು ವಾರ ಅವಳು ಕೊಟ್ಟದ್ದನ್ನೇ ತಿನ್ನಬೇಕು: ಬೆಳಿಗ್ಗೆ ರಾಗಿ, ಮಧ್ಯಾಹ್ನ ತವುಡು ಕಳೆಯದ ಕೆಂಪು ಕುಚ್ಚಲಕ್ಕಿಯ ಗಂಜಿ, ರಾತ್ರಿಗೆ ಇಡೀ ಗೋಧಿಯದ್ದು ಏನಾದರೂ. ಕೊನೆಗೆ ಮಲ, ಮೂತ್ರ ಎರಡನ್ನೂ ಡಬ್ಬಿಯಲ್ಲಿ ಕೊಡಬೇಕು.

ಅಂಗನವಾಡಿಯ ಬೆಂಚಿನ ಮೇಲೆ ನಮ್ಮನ್ನೆಲ್ಲ ಕೂರಿಸಿ ಅವಳು ವಿವರಿಸಿದಳು. ನಾನು ಮುಂದಿನ ಬೆಂಚಿನಲ್ಲಿ ಕೂತು ಆಗಾಗ ತಲೆಯಾಡಿಸಿದೆ, ನನಗೆ ಮೊದಲೇ ಗೊತ್ತಿತ್ತು ಎಂದು ಉಳಿದವರಿಗೆ ತಿಳಿಯಲಿ ಎಂದು.

“ಧಾನ್ಯದ ಹೊರಗಿನ ತವುಡಿನಲ್ಲಿ ಲಿಗ್ನಾನ್ ಅಂತ ಒಂದು ಉಂಟು. ನಮ್ಮ ಹೊಟ್ಟೆಗೆ ಅದನ್ನು ಎಂತ ಮಾಡ್ಲಿಕ್ಕೂ ಬರುವುದಿಲ್ಲ. ಅದು ಹಾಗೇ ದೊಡ್ಡ ಕರುಳಿಗೆ ಹೋಗ್ತದೆ. ಅಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಬದಲಿಸ್ತವೆ. ಒಂದು ಜಾತಿಯದ್ದು ಅದಕ್ಕೆ ಅಂಟಿದ ಸಕ್ಕರೆಯನ್ನು ಬಿಡಿಸ್ತದೆ. ಅಷ್ಟೇ ಅದಕ್ಕೆ ಗೊತ್ತಿರುವುದು. ಮತ್ತೆ ಇನ್ನೊಂದು ಜಾತಿ ಬಂದು ಒಂದು ತುಂಡು ಕತ್ತರಿಸ್ತದೆ. ಮೂರನೆಯದ್ದು ಇನ್ನೊಂದು ತುಂಡು ತೆಗೀತದೆ. ಕೊನೆಯದ್ದು ಅದನ್ನು ಪೂರ್ತಿ ಮಾಡಿ ಎಂಟೆರೊಲ್ಯಾಕ್ಟೋನ್ ಅಂತ ಹೊಸ ಪದಾರ್ಥ ಮಾಡಿ ರಕ್ತಕ್ಕೆ ಬಿಡ್ತದೆ. ನಡುವೆ ಒಂದು ಜಾತಿ ಇಲ್ಲದಿದ್ರೂ ಕೆಲಸ ಅಲ್ಲಿಗೇ ನಿಲ್ತದೆ.”

ಹಿಂದಿನ ಬೆಂಚಿನಿಂದ ಮಹಾಲಿಂಗ ಎದ್ದು ನಿಂತ. ಅವನ ಮುಖ ಕೆಂಪಾಗಿತ್ತು.

“ಮೇಡಂ, ಅಂದ್ರೆ ಮೇಜಿನಿಂದ ಮೇಜಿಗೆ?”

“ಹೌದು ಅಂಕಲ್, ಹಾಗೇ,” ಎಂದಳು ಆ ಹುಡುಗಿ. ಪಾಪ, ಆ ‘ಹೌದು’ ಹೇಳಿದ್ದಕ್ಕೆ ಅವಳು ಆಮೇಲೆ ಎಷ್ಟು ಪಶ್ಚಾತ್ತಾಪಪಟ್ಟಳೋ ದೇವರಿಗೇ ಗೊತ್ತು.

ಮೂರು ವಾರ ಕಳೆಯಿತು. ಡಬ್ಬಿಗಳನ್ನು ಬೆಳಿಗ್ಗೆ ಒಂಬತ್ತಕ್ಕೆ ಅಂಗನವಾಡಿಗೆ ತರಬೇಕು ಎಂದಿದ್ದಳು. ಮೂವತ್ತೊಂದು ಮಂದಿಯ ಡಬ್ಬಿ ಬಂದವು, ಮಹಾಲಿಂಗನದ್ದು ಬರಲಿಲ್ಲ. ಅವನು ಡಬ್ಬಿ ಇಡಲು ಅವಳು ಕೊಟ್ಟಿದ್ದ ಮಂಜುಗಡ್ಡೆಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕುಂಬಳೆಯಲ್ಲಿ ಬಸ್ಸು ಬದಲಿಸಿ, ನೆಟ್ಟಗೆ ವಿದ್ಯಾನಗರದ ತನ್ನ ಹಳೆಯ ಕಚೇರಿಗೆ ಹೋಗಿದ್ದ. ನಂಬರು ಹಾಕಿಸದೆ ಹಾಗೇ ಯಾರದೋ ಕೈಗೆ ಕೊಡುವುದು ಹೇಗೆ? ಕಳೆದುಹೋದರೆ ಕೇಳುವವರು ಯಾರು? ಟಪಾಲು ಮೇಜಿನಲ್ಲಿ ಈಗ ಲತೇಶ್ ಎಂಬ ಹೊಸ ಹುಡುಗ ಇದ್ದ. ಹಳೆಯವರು ತಂದದ್ದು, ಪೆಟ್ಟಿಗೆಯ ಮೇಲೆ ಕಾಲೇಜಿನ ಹೆಸರು ಬೇರೆ ಇದೆ ಎಂದು ಅವನು ಏನೂ ಕೇಳದೆ ಇನ್‌ವರ್ಡ್ ಪುಸ್ತಕದಲ್ಲಿ ಬರೆದುಕೊಂಡ. ಮಹಾಲಿಂಗ ನಂಬರನ್ನು ಅಂಗೈಯಲ್ಲಿ ಬರೆದುಕೊಂಡು ನೆಮ್ಮದಿಯಿಂದ ಮನೆಗೆ ಬಂದ.

ನಂಬರು ಬಿದ್ದ ಮೇಲೆ ಕಡತ ಓಡದೆ ಇರುತ್ತದೆಯೇ? ಆ ಪೆಟ್ಟಿಗೆ ಆರು ದಿನ ಆ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ತಿರುಗಿತು. ಯಾರೂ ಮುಚ್ಚಳ ತೆಗೆಯಲಿಲ್ಲ, ಎಲ್ಲರೂ ಅದರ ಮೇಲೆ ಚಿಕ್ಕ ಸಹಿ ಹಾಕಿ ಮುಂದೆ ತಳ್ಳಿದರು. ಆರನೇ ದಿನ ಫ್ಯಾನು ಜೋರು ಮಾಡಿ ಕಿಟಕಿಗಳನ್ನೆಲ್ಲ ತೆರೆದರಂತೆ. ಏಳನೇ ದಿನ ಪೆಟ್ಟಿಗೆ ಮಹಾಲಿಂಗನ ಮನೆಗೆ ವಾಪಸು ಬಂತು. ಮುಚ್ಚಳದ ಮೇಲೆ ಒಂಬತ್ತು ಸಹಿ, ಜೊತೆಗೆ ಒಂದು ಪತ್ರ: ‘ವಿಷಯವು ಈ ವಿಭಾಗದ ವ್ಯಾಪ್ತಿಗೆ ಒಳಪಡದ ಕಾರಣ ಮೂಲ ವ್ಯಕ್ತಿಗೆ ಹಿಂದಿರುಗಿಸಲಾಗಿದೆ.’

ಶ್ರೀರಂಜಿನಿ ಅಳುವುದೊಂದು ಬಾಕಿ. “ಅಂಕಲ್, ನಾನು ಇದನ್ನು ಎಂತ ಮಾಡುವುದು?”

“ಹೋಗಲಿ ಬಿಡಿ ಮೇಡಂ, ನಾನು ಗಂಜಿ ಬಿಟ್ಟಿಲ್ಲ, ನಕಲು ಕೊಡ್ತೇನೆ,” ಎಂದ ಮಹಾಲಿಂಗ.

ಮಾರನೆಯ ದಿನ ಅವಳು ಬೆಳಿಗ್ಗೆ ಆರೂವರೆಗೇ ಬಂದು ಅವನ ಗೇಟಿನಲ್ಲಿ ನಿಂತು ಕೈಯಾರೆ ತೆಗೆದುಕೊಂಡು ಹೋದಳು.

ಫಲಿತಾಂಶ ಆಗಸ್ಟ್ ಮೊದಲ ವಾರದಲ್ಲಿ ಬಂತು. ಒಂದೇ ಗಂಜಿ, ಒಂದೇ ರಾಗಿ, ಅದೇ ಮೂರು ವಾರ. ಆದರೂ ಒಬ್ಬೊಬ್ಬರಲ್ಲಿ ಒಂದೊಂದು ಲೆಕ್ಕ. ಮೂವತ್ತೆರಡರಲ್ಲಿ ಅತ್ಯಂತ ಹೆಚ್ಚು ಎಂಟೆರೊಲ್ಯಾಕ್ಟೋನ್ ಇದ್ದದ್ದು ಮಹಾಲಿಂಗನಲ್ಲಿ. ಅವಳ ಗೈಡ್ ಎರಡು ಸಲ ಪರೀಕ್ಷೆ ಮಾಡಿಸಿದರಂತೆ. ನನ್ನದು? ಬೇಡ, ಕೇಳಬೇಡಿ. ಸೊನ್ನೆಯ ಹತ್ತಿರ. “ಸರ್, ನಿಮ್ಮ ಕರುಳಿನಲ್ಲಿ ಆ ಜಾತಿಗಳು ಕಾಣುವುದಿಲ್ಲ, ಬೇಜಾರು ಮಾಡ್ಬೇಡಿ, ಎಷ್ಟೋ ಜನರಲ್ಲಿ ಇರುವುದಿಲ್ಲ,” ಎಂದಳು. ಹೆಚ್ಚಿದ್ದರೆ ಒಳ್ಳೆಯದೇ ಎಂದು ಕೇಳಿದರೆ, ಇರಬಹುದು, ಆದರೆ ಖಚಿತವಾಗಿ ಹೇಳುವಷ್ಟು ಇನ್ನೂ ಗೊತ್ತಿಲ್ಲ ಎಂದೂ ಹೇಳಿದಳು. ಆ ಎರಡನೇ ಮಾತನ್ನು ನಾನೊಬ್ಬನೇ ಕೇಳಿಸಿಕೊಂಡೆ.

ಊರು ಬಿಡುತ್ತದೆಯೇ? ನಮ್ಮಲ್ಲಿ ಸನ್ಮಾನಕ್ಕೆ ಜನ ಸಿಗದೆ ಕ್ಲಬ್ಬಿನವರು ಪರದಾಡುತ್ತಿರುತ್ತಾರೆ. ಸನ್ಮಾನ ಆಗದವರು ಯಾರು ಉಳಿದಿದ್ದಾರೆ ಎಂದು ಪಟ್ಟಿ ಮಾಡಿ ಹುಡುಕುವ ಊರು ಇದು. ಸ್ವಾತಂತ್ರ್ಯ ದಿನದಂದು ಧ್ವಜ ಏರಿಸಿದ ಮೇಲೆ ಮಹಾಲಿಂಗನಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಅಭಿನಂದನಾ ಪತ್ರ ಬರೆಯಲು ಯಾರಿಗೆ ಹೇಳಿದರು? ನನಗೆ. ಗಾಯಕ್ಕೆ ಉಪ್ಪು ಸವರುವುದು ಎಂದರೆ ಇದೇ. ಹಲ್ಲು ಕಚ್ಚಿಕೊಂಡು ಬರೆದೆ: ‘ತಮ್ಮ ಉದರದಲ್ಲಿ ಕೋಟ್ಯಂತರ ಜೀವಿಗಳಿಗೆ ಆಶ್ರಯವಿತ್ತು, ತವುಡಿನಂಥ ಅಲ್ಪ ವಸ್ತುವನ್ನೂ ಸಾರ್ಥಕಗೊಳಿಸಿದ ಮಹನೀಯರೇ.’ ಓದುವಾಗ ಜನ ಚಪ್ಪಾಳೆ ತಟ್ಟಿದರು.

ಶಾಲು ಹೊದಿಸಲು ಬಂದಾಗ ಮಹಾಲಿಂಗ ತಡೆದ. ಶಾಲನ್ನು ತಾನೇ ತೆಗೆದುಕೊಂಡು ಹೊಟ್ಟೆಗೆ ಸುತ್ತಿಕೊಂಡ. ಆಮೇಲೆ ಮೈಕಿನಲ್ಲಿ, “ಈ ಸನ್ಮಾನ ನನಗಲ್ಲ, ನನ್ನ ಸಿಬ್ಬಂದಿಗೆ,” ಎಂದ. ಅವನ ಕಣ್ಣಲ್ಲಿ ನೀರಿತ್ತು. ಮೂವತ್ತಮೂರು ವರ್ಷ ಬೇರೆಯವರ ಮೇಜಿಗೆ ಕಡತ ಹೊತ್ತವನಿಗೆ ಕೊನೆಗೂ ಒಂದು ಕಚೇರಿ ಸಿಕ್ಕಿತ್ತು, ಅದೂ ಸ್ವಂತದ್ದು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಜೂನಿನಲ್ಲಿ ಆ ಹುಡುಗಿ ‘ಹೌದು’ ಎಂದ ದಿನದಿಂದಲೇ ಹಿಡಿದಿದ್ದ, ಸನ್ಮಾನದ ಮೇಲೆ ಕೇಳಬೇಕೇ! ಸಕ್ಕರೆ ಬಿಡಿಸುವ ಬ್ಯಾಕ್ಟೀರಿಯಾಕ್ಕೆ ಎಲ್‌ಡಿ ಕ್ಲಾರ್ಕ್ ಎಂದು ಹುದ್ದೆ, ತುಂಡು ಕತ್ತರಿಸುವವಕ್ಕೆ ಯುಡಿ ಮತ್ತು ಹೆಡ್ ಕ್ಲಾರ್ಕ್, ಪೂರ್ತಿ ಮಾಡಿ ಬಿಡುವುದು ಸೂಪ್ರೆಂಡರು. ತಿಂಗಳ ಎರಡನೇ ಶನಿವಾರ ರಜೆ, ಆ ದಿನ ತವುಡಿನದ್ದು ಏನೂ ಹೊಟ್ಟೆಗೆ ಹೋಗಬಾರದು, ಬರೀ ಬಿಳಿ ಅನ್ನ. ಹರತಾಳ ಆದರೆ ನೀರು ಮಾತ್ರ. ಓಣಂಗೆ ಫೆಸ್ಟಿವಲ್ ಅಲೋವೆನ್ಸ್ ಎಂದು ಸಿಬ್ಬಂದಿಗೆ ಗೋಧಿ ಪಾಯಸ. ಊಟ ಆದ ಮೇಲೆ ಎಲೆಯಡಿಕೆಯೂ ಇಲ್ಲದೆ ಅರ್ಧ ಗಂಟೆ ಕುರ್ಚಿಯಲ್ಲಿ ಒರಗಿ, ಹೊಟ್ಟೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ವಿಚಾರಿಸಿಕೊಳ್ಳುತ್ತಿದ್ದ.

“ಹೇಗುಂಟು? ಕೆಲಸ ಸಾಗ್ತಾ ಉಂಟಾ? ಯಾರಿಗಾದ್ರೂ ತೊಂದರೆ ಉಂಟಾ?”

ಗುಡುಗುಡು ಎಂದರೆ, “ಹೆಡ್ ಕ್ಲಾರ್ಕಿಗೂ ಯುಡಿಗೂ ಸರಿ ಇಲ್ಲ ಇವತ್ತು,” ಎಂದು ನನ್ನತ್ತ ನೋಡಿ ಹೇಳುತ್ತಿದ್ದ. ಪಂಕಜಾಕ್ಷಿ ಒಳಗೆ ರಾಗಿ ಬೀಸುತ್ತಿದ್ದಳು, ಗೋಧಿ ನೆನೆಹಾಕುತ್ತಿದ್ದಳು, ಕುಚ್ಚಲಕ್ಕಿಯನ್ನು ಎರಡು ಗಂಟೆ ಬೇಯಿಸುತ್ತಿದ್ದಳು. ಮಾತು ಕಡಿಮೆಯ ಹೆಂಗಸು. ಅವಳು ಏನು ತಿನ್ನುತ್ತಿದ್ದಳು, ಯಾವಾಗ ತಿನ್ನುತ್ತಿದ್ದಳು ಎಂದು ನಾನು ನೋಡಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಗೆಚಾಟಿಕೆಯಾಗಿ ಉಳಿಯುತ್ತಿತ್ತು. ನವೆಂಬರಿನಲ್ಲಿ ಬೆಕ್ಕೊಂದು ಇಲಿಯ ಹಿಂದೆ ಗೋಡೆಗೆ ಹಾರಿ, ಅಲ್ಲಿ ತೂಗುಹಾಕಿದ್ದ, ನಾನು ಬರೆದ ಆ ಅಭಿನಂದನಾ ಪತ್ರದ ಚೌಕಟ್ಟು ಆಣಿ ಸಮೇತ ಕೆಳಗೆ ಬಿತ್ತು. ಶಬ್ದ ಕೇಳಿ ಓಡಿಬಂದ ಮಹಾಲಿಂಗ ಅದರ ಆಣಿಯ ಮೇಲೆಯೇ ಬಲಗಾಲಿಟ್ಟ. ತುಕ್ಕು ಹಿಡಿದ ಆಣಿ, ಮೇಲಿಂದ ಅವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ದಿನದಲ್ಲಿ ಪಾದ ಹಲಸಿನಕಾಯಿಯಾಯಿತು. ನಾನೇ ರಿಕ್ಷಾದಲ್ಲಿ ನಾಯ್ಮಾರ್ಮೂಲೆಗೆ ಕರೆದುಕೊಂಡು ಹೋದೆ, ಅಲ್ಲಿನ ಡಾಕ್ಟರ್ ಕೃಷ್ಣಕುಮಾರರಲ್ಲಿಗೆ.

ಡಾಕ್ಟರು ಗಾಯ ತೊಳೆದರು, ಇಂಜೆಕ್ಷನ್ ಕೊಟ್ಟರು. ಇಂಜೆಕ್ಷನಿಗೆ ಮಹಾಲಿಂಗ ಒಪ್ಪಿದ, ಅದು ಟೆಟನಸ್ಸಿನದ್ದು, ಹೊಟ್ಟೆಗೆ ಸಂಬಂಧ ಇಲ್ಲ ಎಂದು ವಿಚಾರಿಸಿಕೊಂಡೇ ಒಪ್ಪಿದ. ಆಮೇಲೆ ಮಾತ್ರೆ ಬರೆದರು.

“ಇದು ಆಂಟಿಬಯೋಟಿಕ್ಕಾ ಡಾಕ್ಟ್ರೇ?”

“ಹೌದು. ಏಳು ದಿನ, ದಿನಕ್ಕೆ ಎರಡು.”

“ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳನ್ನೂ ಕೊಲ್ತದಾ?”

ಡಾಕ್ಟರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. “ಸುಮಾರು ಸಾಯ್ತವೆ. ಮತ್ತೆ ಬರ್ತವೆ.”

“ಅವರೇ ಬರ್ತಾರಾ, ಬೇರೆಯವರು ಬರ್ತಾರಾ?”

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರ ನೋಡಿದೆ. “ನೋಡಿ, ಇದು ಸಕ್ಕರೆ ಇರುವವರ ಕಾಲು,” ಎಂದರು ಡಾಕ್ಟರು. “ಮೂರು ದಿನ ತಡ ಮಾಡಿದ್ರೆ ಬೆರಳು ತೆಗೀಬೇಕಾಗ್ತದೆ. ಒಂದು ವಾರ ತಡ ಮಾಡಿದ್ರೆ ಕಾಲು. ಅದಕ್ಕಿಂತ ಹೆಚ್ಚಿಗೆ ನಾನು ಹೇಳುವುದಿಲ್ಲ.”

ಮನೆಗೆ ಬಂದು ಮಹಾಲಿಂಗ ಮಾತ್ರೆಯ ಪೊಟ್ಟಣವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟ. ತಿನ್ನುವುದಿಲ್ಲ ಎಂದ. ಕಾರಣ ಕೇಳಿದರೆ, ತಪ್ಪು ಮಾಡದ ಸಿಬ್ಬಂದಿಯನ್ನು ಕಾರಣ ಕೇಳುವ ನೋಟೀಸು ಇಲ್ಲದೆ ವಜಾ ಮಾಡುವ ಅಧಿಕಾರ ಯಾವ ಡಾಕ್ಟರಿಗೂ ಇಲ್ಲವಂತೆ!

ಮರುದಿನ ಪಂಕಜಾಕ್ಷಿ ಮಾತ್ರೆಯನ್ನು ಪುಡಿ ಮಾಡಿ ಗಂಜಿಗೆ ಬೆರೆಸಿದಳು. ಒಂದು ತುತ್ತಿಗೇ ಅವನಿಗೆ ಕಹಿ ಗೊತ್ತಾಯಿತು. ಬಟ್ಟಲನ್ನು ಅಂಗಳಕ್ಕೆ ಎಸೆದ. “ಆಫೀಸಿಗೆ ವಿಷ ಹಾಕ್ತೀಯಾ ನೀನು?” ಎಂದು ಅವನು ಕಿರುಚಿದ್ದು ಪಾಗಾರದ ಈಚೆಗೆ ನನಗೆ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಪಂಕಜಾಕ್ಷಿ ನಮ್ಮ ಅಂಗಳದಲ್ಲಿ ನಿಂತಿದ್ದಳು. ಸೆರಗಿನ ತುದಿ ಹಿಂಡಿ ಹಿಂಡಿ ಹಗ್ಗವಾಗಿತ್ತು.

“ಮಾಷ್ಟ್ರೇ, ಬೆರಳು ನೇರಳೆ ಬಣ್ಣ ಆಗಿದೆ. ನಿಮ್ಮ ಮಾತಾದ್ರೂ ಕೇಳ್ತಾರೋ ನೋಡಿ. ನನಗೆ ಹೆದರಿಕೆ ಆಗ್ತದೆ.”

ಹೋದೆ. ಕಾಲನ್ನು ಎರಡು ದಿಂಬಿನ ಮೇಲಿಟ್ಟುಕೊಂಡು ಅವನು ಕೂತಿದ್ದ. ಜ್ವರದಲ್ಲಿ ಕಣ್ಣು ಹೊಳೆಯುತ್ತಿತ್ತು. ನನಗೆ ತಡೆಯಲಾಗದೆ ಸಿಟ್ಟು ಬಂತು.

“ಎಂತ ಮಾರಾಯ, ನಿನಗೆ ಬುದ್ಧಿ ಉಂಟಾ? ಕಣ್ಣಿಗೆ ಕಾಣದ ಕ್ರಿಮಿಗಳಿಗೋಸ್ಕರ ಕಾಲು ಕಳಕೊಳ್ತೀಯಾ?”

“ಕಾಲು ಒಬ್ಬನದ್ದು ಮಾಷ್ಟ್ರೇ. ಅವರು ಕೋಟಿಗಟ್ಟಲೆ ಇದ್ದಾರೆ.”

“ನೀನು ಸತ್ರೆ ಅವರು ಬದುಕ್ತಾರಾ?”

ಇದಕ್ಕೆ ಅವನು ಸ್ವಲ್ಪ ಯೋಚಿಸಿದ. ಆಮೇಲೆ ಮೆಲ್ಲಗೆ ಹೇಳಿದ, “ನಾನು ಹಟ ಮಾಡುವುದಲ್ಲ. ಸರ್ವಿಸಿನಲ್ಲಿ ಒಂದು ಕ್ರಮ ಉಂಟು. ಚಾರ್ಜ್ ಕೊಡದೆ ಯಾರೂ ಕುರ್ಚಿ ಬಿಡುವ ಹಾಗಿಲ್ಲ. ಸೂಪ್ರೆಂಡರಿಗೆ ಲಕ್ವ ಹೊಡೆದಾಗ ಆಸ್ಪತ್ರೆಗೆ ಕಾಗದ ಕೊಂಡೋಗಿ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದವನು ನಾನೇ. ಇವರ ಚಾರ್ಜ್ ವಹಿಸಿಕೊಳ್ಳುವವರು ಒಬ್ಬರು ಬೇಕು. ಈ ಕೆಲಸ ಗೊತ್ತಿರುವ ಇನ್ನೊಂದು ಹೊಟ್ಟೆ ಬೇಕು. ಅಷ್ಟಾದ್ರೆ ಈಗಲೇ ಮಾತ್ರೆ ತಿಂತೇನೆ.”

“ನಾನು ವಹಿಸಿಕೊಳ್ತೇನೆ, ಕಾಗದ ತಾ.”

ಅವನು ನನ್ನನ್ನು ಮರುಕದಿಂದ ನೋಡಿದ. “ಬೇಜಾರು ಮಾಡ್ಬೇಡಿ. ನಿಮ್ಮಲ್ಲಿ ಆ ಪೋಸ್ಟೇ ಇಲ್ಲ.”

ಆ ಕಾಲು ಅಷ್ಟು ಊದಿರದಿದ್ದರೆ ನಾನು ಅದಕ್ಕೇ ಒಂದು ಕೊಡುತ್ತಿದ್ದೆ.

ಬಾಗಿಲಲ್ಲಿ ನಿಂತಿದ್ದ ಪಂಕಜಾಕ್ಷಿ ಹೇಳಿದಳು, “ನನಗೆ ಕೊಡಿ. ಮೂವತ್ತನಾಲ್ಕು ವರ್ಷದಿಂದ ಒಂದೇ ಪಾತ್ರೆಯ ಗಂಜಿ.”

ಮಹಾಲಿಂಗ ತಿರುಗಿ ಅವಳನ್ನು ನೋಡಿದ. ಆ ಹೊಟ್ಟೆಯೊಂದು ಮನೆಯಲ್ಲಿದೆ ಎಂದು ಅವನಿಗೆ ಈವರೆಗೆ ಹೊಳೆದಿರಲೇ ಇಲ್ಲ ಎಂದು ಕಾಣುತ್ತದೆ. “ನಿನಗೆ ಟೆಸ್ಟ್ ಆಗಿಲ್ಲವಲ್ಲ,” ಎಂದ. ಆದರೂ ಮುಖದಲ್ಲಿ ಸ್ವಲ್ಪ ಬೆಳಕು ಬಂದಿತ್ತು. ನಾನು ಅಲ್ಲಿಂದಲೇ ಶ್ರೀರಂಜಿನಿಗೆ ಫೋನು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಬಸ್ಸು ಹಿಡಿದಳು. ಅಷ್ಟರೊಳಗೆ ನನ್ನ ಹೆಂಡತಿಯೂ ಬಂದು ಪಂಕಜಾಕ್ಷಿಯ ಪಕ್ಕ ನಿಂತಳು.

ಹುಡುಗಿ ಮಧ್ಯಾಹ್ನಕ್ಕೆ ಬಂದು ಕಾಲು ನೋಡಿ ಬೆಚ್ಚಿಬಿದ್ದಳು. “ಅಂಕಲ್, ಎಂಥ ಕೆಲಸ ಮಾಡಿದ್ದೀರಿ! ಮೊದಲು ಮಾತ್ರೆ ತಿನ್ನಿ. ನನ್ನ ಸಂಶೋಧನೆ ಹಾಳಾಗಿ ಹೋಗಲಿ.”

“ಫಾರಂ ತುಂಬಿಸಿ ಮೇಡಂ. ಸಹಿ ಬಿದ್ದ ಕೂಡಲೇ ತಿಂತೇನೆ.”

“ಒಟ್ಟಿಗೆ ಇರುವವರ ಕರುಳಿನಲ್ಲಿ ಒಂದೇ ಬ್ಯಾಕ್ಟೀರಿಯಾಗಳು ಇರುವುದುಂಟು. ಆಂಟಿಯಲ್ಲೂ ಇರಬಹುದು,” ಎಂದು ಅವಳು ಬೇರೆ ದಾರಿ ಕಾಣದೆ ಚೀಲದಿಂದ ಫಾರಂ ತೆಗೆದಳು. ಮಹಾಲಿಂಗ ಕುರ್ಚಿಯಲ್ಲಿ ನೆಟ್ಟಗಾದ. ಹೆಸರು, ದಿನಕ್ಕೆ ಎಷ್ಟು ಸಲ ಊಟ, ಏನು ಊಟ, ಪಂಕಜಾಕ್ಷಿ ಎಲ್ಲಕ್ಕೂ ನಿಧಾನವಾಗಿ ಉತ್ತರ ಹೇಳಿದಳು. ಊಟ ಎಷ್ಟು ಹೊತ್ತಿಗೆ ಎಂದರೆ, “ಎಲ್ಲ ಆದ ಮೇಲೆ,” ಎಂದಳು. ಎಂಟನೇ ಪ್ರಶ್ನೆ ಬಂತು.

“ಕಳೆದ ಆರು ತಿಂಗಳಲ್ಲಿ ಆಂಟಿಬಯೋಟಿಕ್ ತಗೊಂಡಿದ್ದೀರಾ ಆಂಟಿ?”

“ಹೌದು.”

“ಎಷ್ಟು ಸಲ?”

“ನಾಲ್ಕು ಸಲ.”

ಮಹಾಲಿಂಗ ನಕ್ಕ. “ಇವಳಿಗೆ ಪ್ರಶ್ನೆ ಅರ್ಥ ಆಗಲಿಲ್ಲ ಮೇಡಂ. ಇವಳಿಗೆ ಒಂದು ಶೀತ ಆದದ್ದೂ ನಾನು ನೋಡಿಲ್ಲ.”

ಪಂಕಜಾಕ್ಷಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ನಾಲ್ಕು ಆಸ್ಪತ್ರೆ ಚೀಟಿ ಇತ್ತು, ರಬ್ಬರ್ ಬ್ಯಾಂಡ್ ಹಾಕಿ ಮಡಚಿಟ್ಟದ್ದು. ಒಂದೊಂದಾಗಿ ಮೇಜಿನ ಮೇಲಿಟ್ಟಳು.

“ಇದು ಆಟಿ ತಿಂಗಳಲ್ಲಿ, ನಿಮಗೆ ಸನ್ಮಾನ ಆದ ವಾರದ್ದು. ಇದು ಓಣಂ ಕಳೆದು. ಇದು ನವರಾತ್ರಿಗೆ. ಇದು ದೀಪಾವಳಿಗೆ.”

“ಎಂತಕ್ಕೆ?”

“ಉರಿಮೂತ್ರ. ಚಳಿಜ್ವರ. ಒಮ್ಮೆ ರಕ್ತವೂ ಹೋಯ್ತು.”

“ಯಾರು ಕರಕೊಂಡು ಹೋದದ್ದು?”

“ಪರಮೇಶ್ವರಿ ಅಕ್ಕ.”

ನಾನು ನನ್ನ ಹೆಂಡತಿಯ ಕಡೆ ತಿರುಗಿದೆ. ನಾಲ್ಕು ಸಲವೂ ಬಸ್ಸಿನಲ್ಲಿ ಹೋಗಿ ಬಂದಿದ್ದಾಳೆ, ನನಗೆ ಒಂದು ಮಾತು ಗೊತ್ತಿಲ್ಲ. ಎಲ್ಲಿಗೆ ಹೋಗಿದ್ದೆ ಎಂದು ನಾನು ಒಂದು ಸಲವಾದರೂ ಕೇಳಿದ್ದರೆ ಹೇಳುತ್ತಿದ್ದಳೇನೋ. ಅವಳು ನನ್ನನ್ನು ನೋಡಲಿಲ್ಲ, ಪಂಕಜಾಕ್ಷಿಯ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು.

“ನನಗೆ ಯಾಕೆ ಹೇಳ್ಲಿಲ್ಲ ನೀನು?” ಎಂದ ಮಹಾಲಿಂಗ. ಅವನ ಸ್ವರ ಸಣ್ಣದಾಗಿತ್ತು.

“ಹೇಳಿದೆ. ಮೊದಲ ಸಲ ಹೇಳಿದೆ. ನೀವು ಊಟ ಮಾಡಿ ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ರಿ. ‘ಸ್ವಲ್ಪ ಸುಮ್ಮನಿರು, ಅವರು ಕೆಲಸ ಮಾಡುವ ಹೊತ್ತು’ ಅಂದ್ರಿ. ಮತ್ತೆ ನಾನು ಹೇಳ್ಲಿಲ್ಲ.”

ಶ್ರೀರಂಜಿನಿ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. “ಆಂಟಿ, ನಾಲ್ಕು ಸಲ ಆಂಟಿಬಯೋಟಿಕ್ ಆದ್ರೆ ಆ ಬ್ಯಾಕ್ಟೀರಿಯಾಗಳು ಉಳಿದಿರುವುದು ಕಷ್ಟ. ಪುನಃ ಸರಿಯಾಗ್ಲಿಕ್ಕೆ ಒಂದು ವರ್ಷವೂ ಬೇಕಾಗಬಹುದು. ನಿಮ್ಮನ್ನು ನಮ್ಮ ಅಧ್ಯಯನಕ್ಕೆ ಸೇರಿಸ್ಲಿಕ್ಕೆ ಆಗುವುದಿಲ್ಲ,” ಎಂದಳು.

“ಬೇಡ ಮಗಳೇ. ನಾನು ಅದಕ್ಕೆ ಬಂದವಳಲ್ಲ.” ಪಂಕಜಾಕ್ಷಿ ಗಂಡನ ಕಡೆ ತಿರುಗಿದಳು. ಆ ಹೆಂಗಸಿಗೆ ಅಷ್ಟು ಸಿಟ್ಟು ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. “ನನ್ನ ಹೊಟ್ಟೆಯಲ್ಲಿಯೂ ಇದ್ದಿರಬೇಕು ಅಂಥವರು. ನಾಲ್ಕು ಸಲ ಎಲ್ಲರನ್ನೂ ಕಳಿಸಿದೆ. ಯಾರ ಹತ್ತಿರವೂ ಕೇಳ್ಲಿಲ್ಲ, ಯಾರಿಗೂ ನೋಟೀಸು ಕೊಡ್ಲಿಲ್ಲ. ನನಗೆ ಸಾಯ್ಲಿಕ್ಕೆ ಮನಸ್ಸಿರಲಿಲ್ಲ, ಅಷ್ಟೇ. ನೀವು ಸಾಯುವುದು ನೋಡ್ಲಿಕ್ಕೂ ನನಗೆ ಮನಸ್ಸಿಲ್ಲ. ತಿಂತೀರಾ ಇಲ್ವಾ?”

ಮಹಾಲಿಂಗ ನಾಲ್ಕು ಚೀಟಿಗಳನ್ನು ನೋಡುತ್ತ ಕೂತ. ಎತ್ತಿಕೊಂಡು ಒಂದೊಂದನ್ನೂ ಬಿಚ್ಚಿ ಓದಿದ. ಒಳಗೆ ಏನು ಬರೆದಿದೆ ಎಂದು ತುಟಿಯಾಡಿಸಿ ಓದಿದ, ಮಾತ್ರೆಯ ಹೆಸರು, ಜ್ವರ ಎಷ್ಟಿತ್ತು ಎಂಬುದು, ಎಲ್ಲ. ನಾಲ್ಕನೆಯದ್ದನ್ನೂ ಮಡಚಿ, ನಾಲ್ಕಕ್ಕೂ ಪುನಃ ರಬ್ಬರ್ ಬ್ಯಾಂಡ್ ಹಾಕಿದ. ಕಿಟಕಿಯತ್ತ ಕೈ ಚಾಚಿದ. ಪರಮೇಶ್ವರಿ ನೀರು ತಂದುಕೊಟ್ಟಳು. ಮಾತ್ರೆಯನ್ನು ಬಾಯಿಗೆ ಹಾಕಿ ನುಂಗಿದ. ಹೊಟ್ಟೆಯ ಮೇಲೆ ಕೈಯಿಡಲಿಲ್ಲ.

ಹೆಂಡತಿಯ ಕಡೆ ತಿರುಗಿ ಕೇಳಿದ, “ಈಗ?”

“ಈಗ ಎಂತ?”

“ಈಗ ನೋವುಂಟಾ ನಿನಗೆ?”

ಇಂಥ ಪ್ರಶ್ನೆಗೆ ಏನು ಹೇಳಬೇಕು ಎಂದು ಅಭ್ಯಾಸ ಇಲ್ಲದವರಂತೆ ಪಂಕಜಾಕ್ಷಿ ಅವನ ಕೈಯ ಖಾಲಿ ಲೋಟ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿ ಅತ್ತಳು.

“ಉಂಟು,” ಎಂದಳು. “ನಿನ್ನೆ ಬೆಳಿಗ್ಗೆಯಿಂದ ಪುನಃ ಸುರುವಾಗಿದೆ.”

ಮಹಾಲಿಂಗ ಆ ಕಾಲನ್ನೇ ನೆಲಕ್ಕೆ ಊರಿ ಎದ್ದ. ನಾವೆಲ್ಲ ಬೇಡ ಬೇಡ ಎನ್ನುವಷ್ಟರಲ್ಲಿ ಗೋಡೆ ಹಿಡಿದು ಫೋನಿನ ಹತ್ತಿರ ತಲುಪಿದ್ದ. ನಾಯ್ಮಾರ್ಮೂಲೆಗೆ ಫೋನು ಹಚ್ಚಿದ. ಆಚೆಯಿಂದ ಟೋಕನ್ ಯಾರ ಹೆಸರಿಗೆ ಎಂದು ಕೇಳಿರಬೇಕು.

“ಎರಡು ಬೇಕು,” ಎಂದ. “ಮೊದಲನೆಯದ್ದು ಪಂಕಜಾಕ್ಷಿ. ವಯಸ್ಸು…” ಅಲ್ಲಿಗೆ ನಿಂತ. ಫೋನನ್ನು ಎದೆಗೆ ಒತ್ತಿ ಹಿಡಿದು ಹೆಂಡತಿಯ ಮುಖ ನೋಡಿದ.

“ಐವತ್ತೆಂಟು,” ಎಂದಳು ಅವಳು.